ಕಮ್ಮಟ ಮಾಡುತ್ತಾ ಕಲಿತದ್ದು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನಾವು ಕೆಲವರು ಸೇರಿ ಹಳೆಯ ಕಸುಬುಗಳ ಸಾಮಾನು ಕೂಡಿಡುತ್ತಾ ಬಂದಿದ್ದೇವೆ. ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ, ಹುಳು ಸಾಕುವ ತಟ್ಟೆ, ನೂಲು ತೆಗೆಯುವ ಮರದ ಚರಕ, ತಕಲಿ, ಕಂಬಳಿ, ಮೊರ, ಮಡಕೆ ತಟ್ಟುವ ಹಲಗೆ. ಇವೆಲ್ಲ ಒಂದು ಬಾಡಿಗೆ ಕೋಣೆಯಲ್ಲಿವೆ. ಸಂಗ್ರಹಾಲಯ ಎನ್ನುವಷ್ಟು ದೊಡ್ಡದಲ್ಲವಾದರೂ ಆ ಹೆಸರಿನಲ್ಲೇ ಕರೆಯುತ್ತೇವೆ. ಜನ ಅಲ್ಲಿಗೆ ಬರುವುದು ಕಡಿಮೆ. ಆದ್ದರಿಂದ ಸಾಮಾನನ್ನೇ ಟೆಂಪೊದಲ್ಲಿ ಹೇರಿಕೊಂಡು ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯ ಶಾಲೆ, ಜಾತ್ರೆ, ಸಮುದಾಯ ಭವನಗಳಿಗೆ ಹೋಗಿ ಕಮ್ಮಟ ಮಾಡುತ್ತೇವೆ. ಬಂದವರು ಮುಟ್ಟಬೇಕು, ತಿರುಗಿಸಬೇಕು, ಕೈಯಾರೆ ಮಾಡಿ ನೋಡಬೇಕು ಎಂಬುದು ಆಸೆ.

ನಮ್ಮ ಕಣ್ಣ ಮುಂದಿದ್ದ ಮಾದರಿ ದೆಹಲಿಯ ರಾಷ್ಟ್ರೀಯ ಕರಕುಶಲ ಸಂಗ್ರಹಾಲಯ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅಖಿಲ ಭಾರತ ಕರಕುಶಲ ಮಂಡಳಿಯನ್ನು ನಡೆಸುತ್ತಿದ್ದ 1950ರ ದಶಕದಲ್ಲಿ ಅದಕ್ಕೆ ಬುನಾದಿ ಬಿತ್ತು. ಅಲ್ಲಿ ಕಸುಬುದಾರರು ಅಂಗಳದಲ್ಲಿ ಕೂತು ಕೆಲಸ ಮಾಡುತ್ತಾರೆ, ನೋಡುವವರು ಪಕ್ಕದಲ್ಲಿ ನಿಂತು ಮಾತಾಡಿಸುತ್ತಾರೆ. ಅದನ್ನೇ ಇಲ್ಲಿ ಮಾಡಿದರಾಯಿತು ಅಂದುಕೊಂಡಿದ್ದೆ. ಆದರೆ ದೆಹಲಿಯಲ್ಲಿ ಕೂತ ಕುಂಬಾರ ತನ್ನ ಊರನ್ನು ಹಿಂದೆ ಬಿಟ್ಟು ಬಂದಿರುತ್ತಾನೆ. ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಸುವ ರೀಲರ್ ತನ್ನ ಒಲೆ ಉರಿಯುತ್ತಿರುವಾಗಲೇ ನಮ್ಮ ಹತ್ತಿರ ಬರಬೇಕು. ನನ್ನ ಹೆಚ್ಚಿನ ತಪ್ಪುಗಳು ಈ ವ್ಯತ್ಯಾಸವನ್ನು ಕಾಣದೆ ಆದವು.

1. ದಿನ ಗೊತ್ತು ಮಾಡುವುದು ಹುಳು.

ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಆ ದಿನವೇ ರೇಷ್ಮೆ ಕಮ್ಮಟ ಎಂದು ತೀರ್ಮಾನಿಸಿ, ಸಿಗುತ್ತೋ ಇಲ್ಲವೋ ಎಂಬ ಭಯದಲ್ಲಿ ಗೂಡನ್ನು ಮುಂಚೆಯೇ ಕೊಂಡು ತಂದಿಟ್ಟೆ. ಸಭಾಂಗಣ ಸಿಗದೆ ಕಾರ್ಯಕ್ರಮ ಮುಂದಕ್ಕೆ ಹೋಯಿತು. ಒಂದು ಬೆಳಿಗ್ಗೆ ಕೋಣೆ ಬಾಗಿಲು ತೆಗೆದರೆ ಗೂಡಿನ ರಾಶಿಯ ಮೇಲೆಲ್ಲ ಬಿಳಿ ಚಿಟ್ಟೆಗಳು ರೆಕ್ಕೆ ಬಡಿಯುತ್ತಿದ್ದವು. ಪ್ರತಿ ಗೂಡಿನ ತುದಿಯಲ್ಲೂ ಒಂದು ತೂತು.

ಈ ಲೆಕ್ಕ ರೇಷ್ಮೆ ಮನೆಯ ಮಕ್ಕಳಿಗೂ ಗೊತ್ತು. ಹುಳು ನಾಲ್ಕು ಜ್ವರ (ಪೊರೆ ಬಿಡುವ ಹಂತ) ಕಳೆದು, ಸುಮಾರು 25 ದಿನ ಸೊಪ್ಪು ತಿಂದು ಹಣ್ಣಾಗುತ್ತದೆ. ಚಂದ್ರಿಕೆಗೆ ಬಿಟ್ಟ ಮೇಲೆ ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಐದಾರನೇ ದಿನಕ್ಕೆ ರೈತ ಗೂಡು ಬಿಡಿಸಿ ಮಾರುಕಟ್ಟೆಗೆ ತರುತ್ತಾನೆ. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಒಳಗಿನ ಕೋಶ ಚಿಟ್ಟೆಯಾಗಿ, ತುದಿಯನ್ನು ನೆನೆಸಿ ದಾರಿ ಮಾಡಿಕೊಂಡು ಹೊರಗೆ ಬರುತ್ತದೆ. ಮಾರುಕಟ್ಟೆಯಿಂದ ಒಲೆಗೆ ಇರುವ ಸಮಯ ಇಷ್ಟೇ. ತೂತಾದ ಗೂಡಿನ ಎಳೆ ಅಲ್ಲಲ್ಲಿ ತುಂಡಾಗಿರುತ್ತದೆ, ಒಂದೇ ಉದ್ದಕ್ಕೆ ಬಿಚ್ಚಲು ಬರುವುದಿಲ್ಲ. ರೀಲರುಗಳು ಗೂಡು ಕೊಂಡ ಕೂಡಲೇ ನೂಲು ತೆಗೆಯಲು ಅಥವಾ ಬಿಸಿಗಾಳಿಯಲ್ಲಿ ಒಣಗಿಸಲು ಯಾಕೆ ಅಷ್ಟು ಆತುರಪಡುತ್ತಾರೆ ಎಂಬುದು ನನಗೆ ಅವತ್ತು ತಿಳಿಯಿತು.

ಈಗ ನಾವು ದಿನಾಂಕ ಹಾಕುವ ಮುಂಚೆ ರೈತರೊಬ್ಬರಿಗೆ ಫೋನು ಮಾಡುತ್ತೇವೆ. ಅವರ ಹುಳು ನಾಲ್ಕನೇ ಜ್ವರದಿಂದ ಎದ್ದಿದೆ ಎಂದ ಮೇಲೆ ಶಾಲೆಗೆ ದಿನ ತಿಳಿಸುತ್ತೇವೆ. ಕರಪತ್ರದಲ್ಲಿ ತಾರೀಕಿನ ಜಾಗ ಖಾಲಿ ಬಿಟ್ಟು ಮುದ್ರಿಸುವುದು ಅಭ್ಯಾಸವಾಗಿದೆ. ಜಡಿಮಳೆಯ ವಾರಗಳಲ್ಲಿ ನೂಲಿನ ಕಮ್ಮಟ ಇಟ್ಟುಕೊಳ್ಳುವುದಿಲ್ಲ. ಹುಳು ಗೂಡು ಕಟ್ಟುವಾಗ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿ, ಬಿಚ್ಚುವಾಗ ಮತ್ತೆ ಮತ್ತೆ ಹರಿಯುತ್ತವೆ. ಅನುಭವಿ ಕೈಗೇ ಕಷ್ಟವಾದ ಗೂಡನ್ನು ಮೊದಲ ಸಲ ಮುಟ್ಟುವ ಮಗುವಿಗೆ ಕೊಟ್ಟರೆ ಅದು ಸೋತೆನೆಂದುಕೊಂಡು ಮನೆಗೆ ಹೋಗುತ್ತದೆ.

2. ಗೌರವಕ್ಕೂ ಮೊದಲು ದಿನಗೂಲಿ.

ಶಿಡ್ಲಘಟ್ಟದ ಒಬ್ಬ ರೀಲರನ್ನು ಪ್ರಾತ್ಯಕ್ಷಿಕೆಗೆ ಕರೆದೆವು. ವೇದಿಕೆ ಮೇಲೆ ಕೂರಿಸಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ, ಸ್ಮರಣಿಕೆ ಕೊಟ್ಟೆವು. ಕಸುಬಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿದೆವು ಎಂಬ ಸಮಾಧಾನ ನನಗಿತ್ತು. ಆಮೇಲೆ ಅವರ ಮನೆಗೆ ಹೋದಾಗ ಅವರ ಹೆಂಡತಿ ಚಹಾ ಕೊಡುತ್ತಾ ಹೇಳಿದರು: "ಆವತ್ತು ಒಲೆ ಹಚ್ಚಲಿಲ್ಲ ಮೇಡಂ. ಕೆಲಸದ ಹೆಂಗಸರು ಬಂದು ವಾಪಸ್ ಹೋದ್ರು."

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ರಾಮನಗರದ ಮಾರುಕಟ್ಟೆಯ ಜೊತೆಯಲ್ಲೇ ಹೆಸರು ಹೇಳುವಷ್ಟು ದೊಡ್ಡದು. ಬೆಳಿಗ್ಗೆ ರೈತರು ಗೂಡು ತಂದು ಸುರಿಯುತ್ತಾರೆ, ರೀಲರುಗಳು ಕೈಯಲ್ಲಿ ಹಿಡಿದು, ಅದುಮಿ, ಅಲುಗಿಸಿ ನೋಡಿ ಇ-ಹರಾಜಿನಲ್ಲಿ ಬೆಲೆ ಹಾಕುತ್ತಾರೆ. ಅವತ್ತಿನ ಹರಾಜು ತಪ್ಪಿದರೆ ಮರುದಿನದ ಕೆಲಸ ಇಲ್ಲ. ಒಂದು ಒಲೆ ಆರಿದರೆ ಗೂಡು ಬೇಯಿಸುವವರು, ಎಳೆ ಕೂಡಿಸುವವರು, ನೂಲು ಸುತ್ತುವವರು ಎಲ್ಲರ ಕೂಲಿಯೂ ಹೋಗುತ್ತದೆ. ನಾವು ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ ಇಟ್ಟುಕೊಂಡಿದ್ದೆವು. ಅತಿಥಿಗಳಿಗೆ ಅದು ಅನುಕೂಲದ ಹೊತ್ತು, ರೀಲರಿಗೆ ಅದಕ್ಕಿಂತ ಕೆಟ್ಟ ಹೊತ್ತು ಬೇರೆ ಇಲ್ಲ.

ಅಲ್ಲಿಂದಾಚೆ ನಮ್ಮ ಖರ್ಚಿನ ಪಟ್ಟಿಯ ಮೊದಲ ಸಾಲೇ ಬದಲಾಯಿತು. ಬರುವ ಕಸುಬುದಾರರ ಒಂದು ದಿನದ ದುಡಿಮೆ ಎಷ್ಟೆಂದು ಅವರನ್ನೇ ಕೇಳುತ್ತೇವೆ, ಅವರ ಒಲೆಯಲ್ಲಿ ದುಡಿಯುವವರ ಕೂಲಿಯನ್ನೂ ಸೇರಿಸುತ್ತೇವೆ, ಹಿಂದಿನ ದಿನವೇ ಕೊಡುತ್ತೇವೆ. ಹಣ ಸಾಲದಿದ್ದರೆ ಶಾಮಿಯಾನ ಬಿಡುತ್ತೇವೆ. ಕಮ್ಮಟ ಶುರುವಾಗುವುದು ಹರಾಜು ಮುಗಿದ ಮೇಲೆ. ಊರಿನ ರೀಲರುಗಳಲ್ಲಿ ಮುಸ್ಲಿಮರು ಬಹಳ ಮಂದಿ ಇರುವುದರಿಂದ ಶುಕ್ರವಾರ ಮಧ್ಯಾಹ್ನ ಯಾವುದೇ ಕಾರ್ಯಕ್ರಮ ಇಟ್ಟುಕೊಳ್ಳುವುದಿಲ್ಲ, ರಂಜಾನ್ ತಿಂಗಳಲ್ಲಿ ಅವರನ್ನು ಬಿಸಿ ನೀರಿನ ಮುಂದೆ ಗಂಟೆಗಟ್ಟಲೆ ಕೂರಿಸುವುದಿಲ್ಲ. ಯಾರಾದರೂ ಮೊದಲೇ ಹೇಳಿಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸುವ ಸಂಗತಿಗಳಿವು. ಕೇಳಬೇಕಾದವಳು ನಾನಾಗಿದ್ದೆ, ಕೇಳಿರಲಿಲ್ಲ.

3. ಬಿಸಿ ನೀರು ಆಟದ ವಸ್ತುವಲ್ಲ. ಕೈಗಳು ಪ್ರದರ್ಶನದ ವಸ್ತುವಲ್ಲ.

ರೇಷ್ಮೆ ಎಳೆಯನ್ನು ಗೂಡಿನಲ್ಲಿ ಅಂಟಿಸಿ ಹಿಡಿದಿರುವುದು ಸೆರಿಸಿನ್ ಎಂಬ ಗೋಂದು. ಎಳೆಯ ತೂಕದಲ್ಲಿ ಸುಮಾರು ಕಾಲು ಭಾಗ ಅದೇ. ಅದು ಮೆತ್ತಗಾಗಬೇಕಾದರೆ ಗೂಡು ಬೇಯಬೇಕು. ಹಳೆಯ ಚರಕದಲ್ಲಿ ಬೇಯಿಸುವುದೂ ನೂಲು ತೆಗೆಯುವುದೂ ಒಂದೇ ಬಾಣಲೆಯಲ್ಲಿ, ಕುದಿಯುವ ನೀರಿಗೆ ಹತ್ತಿರದ ಬಿಸಿಯಲ್ಲಿ. ಕಾಟೇಜ್ ಬೇಸಿನ್ ಎಂಬ ಸಾಧನದಲ್ಲಿ ಬೇಯಿಸುವ ಪಾತ್ರೆ ಬೇರೆ, ನೂಲು ತೆಗೆಯುವ ತೊಟ್ಟಿ ಬೇರೆ. ತೊಟ್ಟಿಯ ನೀರು ಕೈ ಅದ್ದಬಹುದಾದಷ್ಟೇ ಬೆಚ್ಚಗಿರುತ್ತದೆ. ನಮ್ಮಲ್ಲಿದ್ದದ್ದು ಚರಕ, ನೋಡಲು ಅದೇ ಚಂದ. ಸಾಲಾಗಿ ನಿಂತ ಮಕ್ಕಳಲ್ಲಿ ಒಬ್ಬ ಹುಡುಗ ಎಳೆ ಹಿಡಿಯಲು ಕೈ ಹಾಕಿಬಿಟ್ಟ. ಬೆರಳ ತುದಿ ಕೆಂಪಾಗಿ ಬೊಬ್ಬೆ ಬಂತು. ಅವನ ತಾಯಿ ನನ್ನನ್ನು ಬೈಯಲಿಲ್ಲ. ಅವರು ಸ್ವತಃ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದವರು, ಕೊಬ್ಬರಿ ಎಣ್ಣೆ ಹಚ್ಚಿ ಸುಮ್ಮನಾದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗ ಗೂಡು ಬೇಯಿಸುವುದು ಗೆರೆಯಾಚೆ, ದೊಡ್ಡವರ ಕೈಯಲ್ಲಿ. ಬೆಂದ ಗೂಡನ್ನು ಬೆಚ್ಚಗಿನ ನೀರಿನ ತೊಟ್ಟಿಗೆ ಹಾಕಿ ಮಕ್ಕಳ ಮುಂದಿಡುತ್ತೇವೆ. ಅವರು ಮೇಲಿನ ಸಿಕ್ಕು ನಾರನ್ನು ಬಿಡಿಸಿ ಸರಿಯಾದ ತುದಿ ಹುಡುಕುತ್ತಾರೆ. ಒಂಟಿ ಎಳೆ ಕಣ್ಣಿಗೆ ಕಾಣುವುದೇ ಕಷ್ಟ, ಬೆರಳಿಗೆ ತಾಗಿದಾಗ ಗೊತ್ತಾಗುತ್ತದೆ. ಎಂಟು ಹತ್ತು ಗೂಡಿನ ಎಳೆ ಕೂಡಿಸಿದರೆ ಒಂದು ನೂಲು. ಒಳ್ಳೆಯ ದ್ವಿತಳಿ ಗೂಡೊಂದರ ಎಳೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಬರುತ್ತದೆ ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಹೇಳುವುದನ್ನು ಬಿಟ್ಟು, ರಾಟೆ ತಿರುಗಿಸಲು ಕೊಡುತ್ತೇವೆ. ಒಬ್ಬರಾದ ಮೇಲೆ ಒಬ್ಬರು ತಿರುಗಿಸುತ್ತಾರೆ, ಕೈ ಸೋಲುತ್ತದೆ, ಗೂಡು ಇನ್ನೂ ನೀರಿನಲ್ಲಿ ಕುಣಿಯುತ್ತಲೇ ಇರುತ್ತದೆ. ಒಂದು ಕೆ.ಜಿ. ನೂಲಿಗೆ ಏಳೆಂಟು ಕೆ.ಜಿ. ಮಿಶ್ರತಳಿ ಗೂಡು ಬೇಕು ಎಂಬ ಮಾತು ಆ ಹೊತ್ತಿಗೆ ಹೇಳಿದರೆ ತಲೆಗೆ ಹೋಗುತ್ತದೆ.

ಇದೇ ಪಾಠದ ಇನ್ನೊಂದು ಭಾಗವನ್ನು ಬರೆಯಲು ನನಗೆ ಕಷ್ಟವಾಗುತ್ತದೆ. ನೂಲು ತೆಗೆಯುವ ಅಕ್ಕ ಒಬ್ಬರ ಬೆರಳುಗಳು ದಿನವಿಡೀ ಬಿಸಿ ನೀರಿನಲ್ಲಿದ್ದು ಬಿಳಿಚಿ, ಸಿಪ್ಪೆ ಎದ್ದಿದ್ದವು. ಫೋಟೊ ತೆಗೆಯುವವರು ಬಂದಾಗ "ಕೈ ಸ್ವಲ್ಪ ಮೇಲೆತ್ತಿ ಅಕ್ಕಾ" ಎಂದೆ. ರೇಷ್ಮೆಯ ಹಿಂದಿನ ಶ್ರಮವನ್ನು ನಾಲ್ಕು ಜನ ನೋಡಲಿ ಎಂದೇ ಹೇಳಿದ್ದು. ಅವರು ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಸುತ್ತ ಅವರ ಮಗಳ ಶಾಲೆಯ ಮಕ್ಕಳಿದ್ದರು. ಕಮ್ಮಟಕ್ಕೆ ಬರುವ ಕಸುಬುದಾರರನ್ನು ಏನು ತೋರಿಸಲು ಇಷ್ಟ, ಏನು ತೋರಿಸಲು ಇಷ್ಟವಿಲ್ಲ ಎಂದು ಈಗ ಮೊದಲೇ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತೇನೆ. ಕೆಲವರು ಮುಖ ಬೇಡ, ಕೆಲಸ ತೆಗೆಯಿರಿ ಅನ್ನುತ್ತಾರೆ. ಕೆಲವರು ಹೊಸ ಸೀರೆ ಉಟ್ಟು ಬರುತ್ತಾರೆ. ಎರಡೂ ಅವರ ಹಕ್ಕು.

4. ಹುಳು ಸಾಯುತ್ತದಾ ಎಂದು ಕೇಳಿದರೆ, ಹೌದು ಅನ್ನಿ.

ಚಿಂತಾಮಣಿಯ ಒಂದು ಕಮ್ಮಟದಲ್ಲಿ ಐದನೇ ತರಗತಿಯ ಹುಡುಗಿ ಬೇಯುವ ಗೂಡು ನೋಡಿ ಕೇಳಿದಳು: "ಒಳಗೆ ಹುಳು ಇದೆ ಅಲ್ವಾ ಮಿಸ್, ಅದಕ್ಕೆ ನೋಯಲ್ವಾ?" ನಾನು ರೇಷ್ಮೆ ಸೀರೆಯ ಹೊಳಪಿನ ಕಡೆಗೆ ಮಾತು ತಿರುಗಿಸಿದೆ. ಮೇಷ್ಟ್ರೂ ನೆರವಾದರು. ಅವಳ ಪಕ್ಕದಲ್ಲಿದ್ದ, ಹುಳು ಸಾಕುವ ಮನೆಯ ಹುಡುಗ ಅವಳಿಗೆ ಮಾತ್ರ ಕೇಳುವಂತೆ ಹೇಳಿದ: "ಸತ್ತೋಗತ್ತೆ. ನಮ್ಮಮ್ಮ ಹುಳಕ್ಕೆ ಪೂಜೆ ಮಾಡ್ತಾಳೆ." ಅವನು ಕೊಟ್ಟ ಉತ್ತರ ನನ್ನದಕ್ಕಿಂತ ಎಷ್ಟೋ ಪ್ರಾಮಾಣಿಕವಾಗಿತ್ತು.

ಈಗ ಕಮ್ಮಟದಲ್ಲಿ ಇದನ್ನು ನಾವೇ ಮೊದಲು ಹೇಳುತ್ತೇವೆ. ಒಳಗಿನ ಕೋಶ ಸಾಯುತ್ತದೆ. ಸಾವಿರಾರು ವರ್ಷ ಮನುಷ್ಯನ ಆಶ್ರಯದಲ್ಲಿ ಬೆಳೆದ ಈ ಜೀವದ ಚಿಟ್ಟೆ ಹಾರಲಾರದು, ಏನನ್ನೂ ತಿನ್ನದು, ಮೊಟ್ಟೆಯಿಟ್ಟು ಕೆಲವೇ ದಿನದಲ್ಲಿ ಸಾಯುತ್ತದೆ. ನೂಲು ತೆಗೆದ ಮೇಲೆ ಉಳಿದ ಕೋಶ ವ್ಯರ್ಥವಾಗುವುದಿಲ್ಲ. ಎಣ್ಣೆ ತೆಗೆಯುತ್ತಾರೆ, ಕೋಳಿಗೆ, ಮೀನಿಗೆ ಮೇವಾಗುತ್ತದೆ. ಚಿಟ್ಟೆ ಹೊರಬಿದ್ದ ಗೂಡಿನಿಂದಲೂ ಬಟ್ಟೆ ಮಾಡಬಹುದು. ಅದನ್ನು ಹತ್ತಿಯಂತೆ ಹಿಂಜಿ ನೂಲಬೇಕು, ಹೊಳಪು ಕಡಿಮೆ, ಹೊದ್ದರೆ ಬೆಚ್ಚಗೆ. ಮೇ 18ರ ಕಮ್ಮಟಕ್ಕೆಂದು ತಂದು ತೂತು ಬಿದ್ದಿದ್ದ ನನ್ನ ಗೂಡುಗಳನ್ನು ಈ ಕೆಲಸಕ್ಕೆ ಬಳಸಿದೆವು, ಈಗಲೂ ಎರಡು ಬಗೆಯ ನೂಲನ್ನು ಪಕ್ಕಪಕ್ಕದಲ್ಲಿಟ್ಟು ಮುಟ್ಟಲು ಕೊಡುತ್ತೇವೆ. ಇಷ್ಟು ಹೇಳಿದ ಮೇಲೆ ಯಾವ ಮಗು ಏನು ತೀರ್ಮಾನ ಮಾಡಿಕೊಳ್ಳುತ್ತದೋ ಅದು ಅದರದು. ರಾಟೆ ಮುಟ್ಟುವುದಿಲ್ಲ ಎಂದು ದೂರ ನಿಂತ ಮಕ್ಕಳಿದ್ದಾರೆ. ಅವರಿಗೆ ಬಿದಿರು ಹೆಣೆಯುವ ಚಾಪೆಯಲ್ಲಿ ಜಾಗ ಇಟ್ಟಿರುತ್ತೇವೆ.

5. ಮೈಕ್ ತೆಗೆದಿಡಿ.

ನಮ್ಮ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ರೀಲಿಂಗ್ ಶೆಡ್ಡಿನಲ್ಲಿ ಉರ್ದು. ಮೂರೂ ಒಂದೇ ದಿನದಲ್ಲಿ, ಒಂದೇ ಬಾಯಲ್ಲಿ ಬರುತ್ತವೆ. ನಾನು ಗ್ರಾಂಥಿಕ ಕನ್ನಡದಲ್ಲಿ ಫಲಕ ಬರೆಸಿ, ಕಸುಬುದಾರರ ಕೈಗೆ ಮೈಕ್ ಕೊಟ್ಟೆ. ಒಲೆಯ ಮುಂದೆ ತಾಸುಗಟ್ಟಲೆ ಮಾತಾಡುವವರು ಎರಡು ವಾಕ್ಯ ಹೇಳಿ "ಅಷ್ಟೇ ಸಾರ್" ಎಂದು ಕೂತರು. ಈಗ ಗುಂಪನ್ನು ಚಿಕ್ಕದು ಮಾಡಿ, ಅವರು ಕೆಲಸ ಮಾಡುತ್ತಲೇ ಬಾಯಿಗೆ ಬಂದ ಭಾಷೆಯಲ್ಲಿ ಮಾತಾಡಲಿ ಎಂದು ಬಿಡುತ್ತೇವೆ. ಅರ್ಥವಾಗದವರಿಗೆ ಪಕ್ಕದ ಮಗುವೇ ಹೇಳುತ್ತದೆ.

6. ಬಳಸುವುದು ಬೇರೆ, ಕಾಪಾಡುವುದು ಬೇರೆ.

ಹಳೆಯ ವಸ್ತುವನ್ನು ಗಾಜಿನೊಳಗೆ ಇಡಬಾರದು, ಜನರ ಕೈಗೆ ಕೊಡಬೇಕು ಎಂಬುದು ನನ್ನ ಹಟವಾಗಿತ್ತು. ಮೂರು ತಲೆಮಾರು ಬಾಳಿದ್ದ ಒಂದು ಮರದ ಚರಕದ ಕಡ್ಡಿ ಜಾತ್ರೆಯೊಂದರ ನೂಕುನುಗ್ಗಲಿನಲ್ಲಿ ಮುರಿಯಿತು. ಅದನ್ನು ನಂಬಿ ಕೊಟ್ಟ ಮನೆಯವರಿಗೆ ಹೇಳಲು ಹೋದ ದಿನ ನೆನೆದರೆ ಈಗಲೂ ಮುಖ ಬಾಡುತ್ತದೆ.

ಅದಕ್ಕಿಂತ ದೊಡ್ಡ ನಷ್ಟ ಸದ್ದಿಲ್ಲದೆ ಆಯಿತು. ಪ್ರದರ್ಶನಕ್ಕೆಂದು ಒಣಗಿದ ಗೂಡುಗಳನ್ನು ಒಂದು ಬುಟ್ಟಿಯಲ್ಲಿ ಹಾಗೇ ಇಟ್ಟಿದ್ದೆವು. ಒಳಗೆ ಒಣಗಿದ ಕೋಶ ಇತ್ತು. ಡರ್ಮೆಸ್ಟಿಡ್ ಎಂಬ ಜಾತಿಯ ದುಂಬಿಗೆ ಅದು ಹಬ್ಬದ ಊಟ. ಗೂಡಿಗೆ ಬಿದ್ದ ದುಂಬಿಯ ಮರಿಗಳು ಪಕ್ಕದಲ್ಲಿ ಮಡಿಸಿಟ್ಟ ಉಣ್ಣೆಯ ಕಂಬಳಿಗೂ ಹೋದವು. ಬಿಚ್ಚಿ ನೋಡಿದಾಗ ಮಡಿಕೆ ಮಡಿಕೆಯಲ್ಲೂ ತೂತು. ಗೂಡು ಸಂಗ್ರಹಿಸುವ ಗೋದಾಮಿನವರಿಗೆ ಈ ದುಂಬಿ ಹಳೆಯ ಶತ್ರು. ನಮಗೆ ಯಾರನ್ನಾದರೂ ಕೇಳಬೇಕು ಎಂದೇ ಹೊಳೆದಿರಲಿಲ್ಲ.

ಈಗ ಪ್ರದರ್ಶನದ ಗೂಡನ್ನು ಒಂದು ಬದಿ ಕತ್ತರಿಸಿ ಕೋಶ ತೆಗೆದು ಇಡುತ್ತೇವೆ. ಉಣ್ಣೆ, ಚರ್ಮದ ಸಾಮಾನು ಬೇರೆ ಕೋಣೆಯಲ್ಲಿ. ಹೊಸದಾಗಿ ಬಂದ ಯಾವ ವಸ್ತುವನ್ನೂ ನೇರವಾಗಿ ಒಳಗೆ ತೆಗೆದುಕೊಳ್ಳುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿ ಕೆಲವು ವಾರ ದೂರ ಇಟ್ಟು ನೋಡುತ್ತೇವೆ. ಕಮ್ಮಟಕ್ಕೆ ಬಡಗಿಯೊಬ್ಬರು ಹಳೆಯ ಚರಕವನ್ನು ಅಳೆದು ಹೊಸದು ಮಾಡಿಕೊಟ್ಟಿದ್ದಾರೆ. ಮಕ್ಕಳು ತಿರುಗಿಸುವುದು ಅದನ್ನೇ. ಹಳೆಯದು ಪಕ್ಕದಲ್ಲಿ ಸುಮ್ಮನೆ ಇರುತ್ತದೆ.

7. ನೆಲದ ನೆನಪನ್ನು ಮೀರಿ ಸದ್ದು ಮಾಡಬೇಡಿ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದೇ ತಿಂಗಳು ಮದ್ದೂರಿನ ಶಿವಪುರದಲ್ಲಿ ಶುರುವಾದ ಹೋರಾಟ ವಿದುರಾಶ್ವತ್ಥದಲ್ಲಿ ರಕ್ತ ಕಂಡಿತು. ಈಗ ಅಲ್ಲಿ ಸ್ಮಾರಕವಿದೆ, ಚಿತ್ರಗಳ ಗ್ಯಾಲರಿ ಇದೆ. ಏಪ್ರಿಲ್ ಕೊನೆಯ ವಾರ ಆ ಊರಿನ ಮಕ್ಕಳಿಗೆ ತಕಲಿ ನೂಲುವ ಕಮ್ಮಟ ಮಾಡೋಣ ಎಂದುಕೊಂಡೆವು. ಬಾವುಟ, ಖಾದಿ, ತಕಲಿ, ಎಲ್ಲವೂ ಒಂದೇ ಕಥೆಯ ಭಾಗ.

ಎರಡು ತಪ್ಪಾಯಿತು. ಮೊದಲನೆಯದು ಹತ್ತಿಯದು. ಹಂಜಿ (ನೂಲಲು ಹಿಂಜಿ ಸುತ್ತಿದ ಹತ್ತಿ) ಸಿಗಲಿಲ್ಲವೆಂದು ಔಷಧಿ ಅಂಗಡಿಯ ಹತ್ತಿ ಸುರುಳಿ ಕೊಂಡೊಯ್ದೆ. ಗಾಯಕ್ಕೆ ಕಟ್ಟುವ ಹತ್ತಿಯ ಮೇಣವನ್ನೆಲ್ಲ ತೊಳೆದು ತೆಗೆದಿರುತ್ತಾರೆ, ನಾರೂ ಗಿಡ್ಡ. ನೂಲು ಒಂದು ಗೇಣು ಬರುವಷ್ಟರಲ್ಲಿ ಕಿತ್ತು ಬೀಳುತ್ತಿತ್ತು. ಮಕ್ಕಳು ತಮ್ಮ ಕೈಯದೇ ತಪ್ಪು ಅಂದುಕೊಂಡರು. ಎರಡನೆಯದು ಸ್ಪರ್ಧೆಯದು. ಯಾರು ಹೆಚ್ಚು ಉದ್ದ ನೂಲುತ್ತಾರೋ ಅವರಿಗೆ ಬಹುಮಾನ ಎಂದು ಧ್ವನಿವರ್ಧಕದಲ್ಲಿ ಕೂಗಿಸಿದೆ. ವಯಸ್ಸಾದ ಒಬ್ಬರು ಬಂದು ಪಕ್ಕದಲ್ಲಿ ನಿಂತು "ಇಲ್ಲಿ ಹೀಗೆ ಕೂಗಾಡೋದು ಬೇಡಮ್ಮ" ಎಂದರು. ಮತ್ತೇನೂ ಹೇಳಲಿಲ್ಲ.

ಮುಂದಿನ ಸಲ ಸರಿಯಾದ ಹಂಜಿ ತರಿಸಿದೆವು. ಬಹುಮಾನ ತೆಗೆದುಹಾಕಿದೆವು. ಎಲ್ಲರೂ ನೆರಳಿನಲ್ಲಿ ಕೂತು ನೂತರು, ನೂತದ್ದನ್ನೆಲ್ಲ ಒಂದೇ ಲಡಿಗೆ ಸುತ್ತಿದೆವು. ದೇಶದ ಬಾವುಟದ ಖಾದಿ ನಮ್ಮ ಧಾರವಾಡದ ಗರಗದಲ್ಲಿ, ಬಾವುಟ ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುತ್ತದೆ ಎಂದು ಹೇಳಿದಾಗ ಒಬ್ಬ ಹುಡುಗ ತನ್ನ ನೂಲನ್ನು ಹಾಗೇ ಹಿಡಿದು ನೋಡಿದ. ಗ್ಯಾಲರಿಗೆ ಕರೆದುಕೊಂಡು ಹೋದದ್ದು ನೂತಾದ ಮೇಲೆ. ಆ ಕ್ರಮವೇ ಸರಿ ಎಂದು ನನಗೆ ಅನಿಸುತ್ತದೆ.

8. ಮನೆಗೊಯ್ಯುವ ವಸ್ತುವಿನ ಆಸೆ ತೋರಿಸಬೇಡಿ.

ಚಿಕ್ಕಬಳ್ಳಾಪುರದ ಕಮ್ಮಟಕ್ಕೆ "ನಿಮ್ಮ ಬುಟ್ಟಿ ನೀವೇ ಹೆಣೆದು ಮನೆಗೊಯ್ಯಿರಿ" ಎಂದು ಕರಪತ್ರ ಹಂಚಿದ್ದೆ. ಬಿದಿರು ಕೆಲಸದ ಮೇದಾರ ಅಜ್ಜ ಒಬ್ಬರು ಒಪ್ಪಿಕೊಂಡು ಬಂದರು. ಎರಡು ತಾಸಿನಲ್ಲಿ ಮಕ್ಕಳಿಗೆ ಬುಟ್ಟಿಯ ತಳವೂ ಬರಲಿಲ್ಲ. ಅಳು ಶುರುವಾಯಿತು. ಅಜ್ಜ ಊಟವನ್ನೂ ಬಿಟ್ಟು, ಸಂಜೆವರೆಗೆ ಒಬ್ಬೊಬ್ಬರ ಬುಟ್ಟಿಯನ್ನೂ ತಾವೇ ಹೆಣೆದು ಮುಗಿಸಿಕೊಟ್ಟರು. ನಾನು ಕೊಟ್ಟ ಮಾತನ್ನು ಅವರ ಬೆನ್ನು ತೀರಿಸಿತು.

ಹೆಣೆಯುವುದು ಈ ಕಸುಬಿನ ಸುಲಭದ ಭಾಗ ಎಂದು ಅವರೇ ಹೇಳಿಕೊಟ್ಟರು. ಬಿದಿರನ್ನು ಆರಿಸುವುದು, ಮಚ್ಚಿನಿಂದ ಸೀಳುವುದು, ಸಿಪ್ಪೆಯನ್ನು ಒಂದೇ ದಪ್ಪಕ್ಕೆ ಎಬ್ಬಿಸುವುದು, ಇದರಲ್ಲೇ ಆಯಸ್ಸು ಕಳೆಯುತ್ತದೆ. ಈಗ ಮಕ್ಕಳು ಮೊದಲು ಸೀಳುವುದನ್ನು ದೂರ ಕೂತು ನೋಡುತ್ತಾರೆ, ಆಮೇಲೆ ಅಜ್ಜ ಶುರುಮಾಡಿಟ್ಟ ಒಂದೇ ದೊಡ್ಡ ಚಂದ್ರಿಕೆಗೆ ಎಲ್ಲರೂ ಒಂದೊಂದು ಪಟ್ಟಿ ಸೇರಿಸುತ್ತಾರೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಚಾಪೆ, ಅದರ ಮೇಲೆ ಸುರುಳಿಯಾಗಿ ನಿಲ್ಲಿಸಿದ ಬಿದಿರಿನ ಪಟ್ಟಿ. ಸಾವಿರದಷ್ಟು ಹುಳು ಅದರ ಸಂದಿಯಲ್ಲಿ ಗೂಡು ಕಟ್ಟುತ್ತವೆ. ಯಾರೂ ಏನನ್ನೂ ಮನೆಗೊಯ್ಯುವುದಿಲ್ಲ, ಅತ್ತವರೂ ಇಲ್ಲ.

ಅಜ್ಜನಿಗೆ ನಾನು ಇನ್ನೂ ತೀರಿಸದ ಬಾಕಿಯೊಂದಿದೆ. ಪ್ಲಾಸ್ಟಿಕ್ ಚಂದ್ರಿಕೆ ಬಂದ ಮೇಲೆ ಅವರಿಗೆ ರೈತರಿಂದ ಬರುತ್ತಿದ್ದ ಕೆಲಸ ಬಹಳ ಇಳಿದಿದೆ. "ಕಮ್ಮಟ ಆಯ್ತಲ್ಲ, ಆರ್ಡರ್ ಯಾವಾಗ ಕೊಡಿಸ್ತೀಯಮ್ಮ?" ಎಂದು ಪ್ರತಿ ಸಲ ಕೇಳುತ್ತಾರೆ. ಕಮ್ಮಟಕ್ಕೆ ಬಂದ ಪೋಷಕರಿಂದ ಮೊರ, ಬುಟ್ಟಿ ಬೇಕೆಂಬ ಪಟ್ಟಿ ಬರೆದುಕೊಂಡು ಕೊಟ್ಟಿದ್ದೇನೆ. ಅದರಲ್ಲಿ ಕೆಲವರು ಮಾತ್ರ ಕೊಂಡರು. ಚಂದ್ರಿಕೆಗೆ ಗಿರಾಕಿ ಹುಡುಕುವುದು ನನ್ನಿಂದ ಆಗಿಲ್ಲ. ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನಲ್ಲಿ ಓದುವ ಮಕ್ಕಳನ್ನು ಅವರ ಮನೆಗೆ ಕರೆದುಕೊಂಡು ಹೋಗಬೇಕು, ಬಿದಿರಿನದ್ದೇ ಬೇಕೆನ್ನುವ ರೈತರು ಯಾರಾದರೂ ಉಳಿದಿದ್ದಾರೆಯೇ ಎಂದು ಅವರ ಊರುಗಳಲ್ಲಿ ವಿಚಾರಿಸಬೇಕು ಎಂದುಕೊಂಡಿದ್ದೇನೆ. ಮುಂದಿನ ಬೆಳೆಯ ಚಾಕಿ (ಎಳೆ ಹುಳು ಸಾಕಣೆ) ಶುರುವಾಗುವ ಮುಂಚೆ ಅದಾಗಬೇಕು, ಯಾಕೆಂದರೆ ರೈತರು ಚಂದ್ರಿಕೆ ಕೊಳ್ಳುವ ಯೋಚನೆ ಮಾಡುವುದು ಆಗಲೇ.